ಚಿಕ್ಕ ಮಕ್ಕಳ ಕೈಗೆ ತಕ್ಕಡಿ ಕೊಡಿ

ಪ್ರತಿ ಸಲ ನಾನು ಗೋಡೆ ಪತ್ರಿಕೆಗೆ ಒಗಟು, ಗಾದೆ ಬರೆದು ಕೊಡುತ್ತಿದ್ದೆ. ಈ ಸಲ ನನ್ನ ಒಂದು ಅಭಿಪ್ರಾಯ ಬರೆದಿದ್ದೇನೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ನಮ್ಮ ಶಾಲೆಯ ಒಂದು, ಎರಡು, ಮೂರನೇ ತರಗತಿಯ ಮಕ್ಕಳಿಗೆ ತೂಕದ ಪಾಠವನ್ನು ಪುಸ್ತಕದ ಚಿತ್ರ ತೋರಿಸಿ ಕಲಿಸಿದರೆ ಸಾಲದು. ತಕ್ಕಡಿಯನ್ನು ಅವರ ಕೈಗೇ ಕೊಡಬೇಕು. ಇದೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ನನ್ನ ಅಮ್ಮ ಅಡಿಕೆ ಸುಲಿಯಲು ಹೋಗುತ್ತಾಳೆ. ಚಾಲಿ ಸುಲಿದರೆ ಕೂಲಿ ಕೆಜಿ ಲೆಕ್ಕದಲ್ಲಿ. ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ನಾನೂ ಎರಡನೇ ತರಗತಿ ಓದುವ ನನ್ನ ತಮ್ಮನೂ ಅಮ್ಮನ ಸಂಗಡ ಹೋಗಿದ್ದೆವು. ಸಂಜೆ ಅಮ್ಮ ಸುಲಿದ ಅಡಿಕೆಯನ್ನು ಬುಟ್ಟಿ ಸಮೇತ ಕಾಟಾದ ಮೇಲಿಟ್ಟು ತೂಗಿದರು. ಮೂರು ಬುಟ್ಟಿ ಆಯಿತು. ಪ್ರತಿ ಸಲವೂ ಬುಟ್ಟಿಯ ತೂಕ ಅಂತ 2 ಕೆಜಿ ಕಳೆದು ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಳೆಯುವ ಲೆಕ್ಕ ಸರಿ ಇತ್ತು. ಸುಮ್ಮನಿದ್ದೆ.

ನನ್ನ ತಮ್ಮ ಖಾಲಿ ಬುಟ್ಟಿ ಎತ್ತಿ ನೋಡಿ, “ಅಕ್ಕಾ, ಇದು ಎರಡು ಕೆಜಿ ಇಲ್ಲ. ಎರಡು ಉಪ್ಪಿನ ಪೊಟ್ಟಣ ಇದಕ್ಕಿಂತ ಭಾರ” ಅಂದ. ಅಂಗಡಿಯಿಂದ ಉಪ್ಪು ಹೊತ್ತು ತರುವವನು ಅವನೇ. ಅಮ್ಮ ಹೆದರಿ, “ಸುಮ್ನಿರಾ ತಮಾ” ಅಂದಳು. ಆ ಮನೆಯ ಯಜಮಾನರಿಗೆ ಕೇಳಿಸಿತು. “ಹೌದನಾ ತಮಾ? ನೋಡೇ ಬಿಡುವಾ” ಅಂತ ಖಾಲಿ ಬುಟ್ಟಿಯನ್ನು ಕಾಟಾದ ಮೇಲೆ ಇಟ್ಟರು. 1 ಕೆಜಿ 150 ಗ್ರಾಂ ಇತ್ತು! ಹಳೆಯ ಬುಟ್ಟಿ 2 ಕೆಜಿ ಇತ್ತಂತೆ. ಬುಟ್ಟಿ ಬದಲಾದರೂ ಲೆಕ್ಕ ಬದಲಾಗಿರಲಿಲ್ಲ. ಆ ದಿನದ್ದನ್ನು ಸರಿ ಮಾಡಿ ಕೊಟ್ಟರು. ಹಿಂದಿನ ದಿನಗಳದ್ದು ಕೇಳಲು ಅಮ್ಮನಿಗೆ ಧೈರ್ಯ ಬರಲಿಲ್ಲ.

ಮನೆಗೆ ಬಂದು ನಾನು ಲೆಕ್ಕ ಮಾಡಿದೆ. ಒಂದು ಬುಟ್ಟಿಗೆ 850 ಗ್ರಾಂ, ಮೂರು ಬುಟ್ಟಿಗೆ 2 ಕೆಜಿ 550 ಗ್ರಾಂ, ಹತ್ತು ದಿನಕ್ಕೆ 25 ಕೆಜಿ 500 ಗ್ರಾಂ. ಅಷ್ಟು ಅಡಿಕೆಯನ್ನು ಅಮ್ಮ ಪುಕ್ಕಟೆ ಸುಲಿದ ಹಾಗಾಯಿತು. ಕಿಲೋಗ್ರಾಂ ಅನ್ನು ಗ್ರಾಂ ಮಾಡುವ ಲೆಕ್ಕದಲ್ಲಿ ನನಗೆ ಹತ್ತಕ್ಕೆ ಹತ್ತು ಬಂದಿತ್ತು. ಆದರೆ ಒಂದು ಕೆಜಿ ಅಂದರೆ ಕೈಗೆ ಎಷ್ಟು ಭಾರ ಅಂತ ನನಗೆ ಗೊತ್ತಿರಲಿಲ್ಲ. ನನ್ನದು ಪುಸ್ತಕದ ಬದನೆಕಾಯಿ. ತಮ್ಮನದು ಕೈಯಲ್ಲಿ ಕಲಿತದ್ದು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬದುಕೆಲ್ಲ ತೂಕದ ಮೇಲೇ ನಿಂತಿದೆ. ರಾಶಿ ಅಡಿಕೆ, ಚಾಲಿ ಕ್ವಿಂಟಲ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಕಾಳುಮೆಣಸು ಕೆಜಿ ಲೆಕ್ಕ. ಹಸಿ ಮೆಣಸು ಒಣಗಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ ತೂಗುತ್ತದೆ. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರು ಮುಂದೆ ನಿಂತು ಶಿರಸಿಯಲ್ಲಿ ಟಿ.ಎಸ್.ಎಸ್. ಸಂಘ ಕಟ್ಟಿದರು. ಬೆಳೆಗಾರರು ತಮ್ಮ ಅಡಿಕೆಯನ್ನು ತಮ್ಮ ಸಂಘದಲ್ಲೇ ಮಾರುವ ಹಾಗಾಯಿತು. ದೊಡ್ಡವರಿಗೆ ಸಂಘ ಇದೆ. ಚಿಕ್ಕವರಿಗೆ ಶಾಲೆಯೇ ಕಲಿಸಬೇಕು.

ಹೇಗೆ ಕಲಿಸಬಹುದು? ನನಗೆ ತೋಚಿದ್ದು ಬರೆಯುತ್ತೇನೆ.

ಮೊದಲು ಸಂಖ್ಯೆ ಬೇಡ. ಎರಡು ಕೈಯಲ್ಲಿ ಎರಡು ವಸ್ತು ಕೊಟ್ಟು ಯಾವುದು ಭಾರ, ಯಾವುದು ಹಗುರ ಅಂತ ಕೇಳಬೇಕು. ದೊಡ್ಡದೆಲ್ಲ ಭಾರ ಅಂತ ಚಿಕ್ಕ ಮಕ್ಕಳು ತಿಳಿದಿರುತ್ತಾರೆ. ಒಂದು ಕೈಯಲ್ಲಿ ಒಣಗಿದ ಅಡಿಕೆ ಹಾಳೆ, ಇನ್ನೊಂದರಲ್ಲಿ ಹೊಳೆಯ ಕಲ್ಲು ಕೊಟ್ಟರೆ ಅವರಿಗೇ ತಿಳಿಯುತ್ತದೆ.

ಆಮೇಲೆ ಗರಟೆ ತಕ್ಕಡಿ. ಒಂದೇ ಅಳತೆಯ ಎರಡು ಗರಟೆ, ಒಂದು ನೇರ ಕೋಲು, ಸಮ ಉದ್ದದ ದಾರ ಇದ್ದರೆ ಆಯಿತು. ಕೋಲಿನ ನಡುವೆ ಸರಿಯಾಗಿ ದಾರ ಕಟ್ಟಬೇಕು. ಖಾಲಿ ಇದ್ದಾಗ ಒಂದು ಕಡೆ ವಾಲಿದರೆ ಅದು ಸುಳ್ಳು ತಕ್ಕಡಿ. ಇದನ್ನು ಮೊದಲು ನೋಡುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು.

ಮೂರನೆಯದು, ಎಣಿಸಿ ತೂಗುವುದು. ದೇವಸ್ಥಾನದಲ್ಲಿ ತುಲಾಭಾರ ನೋಡಿದ್ದೀರಲ್ಲ? ಒಂದು ಕಡೆ ಮಗು, ಇನ್ನೊಂದು ಕಡೆ ತೆಂಗಿನಕಾಯಿ. ಹಾಗೇ ಒಂದು ಡಬ್ಬಿ ಎಷ್ಟು ಗೋಟಡಿಕೆಗೆ ಸಮ ಅಂತ ತೂಗಲಿ. ಒಬ್ಬನಿಗೆ ಎಂಟು ಬರುತ್ತದೆ, ಇನ್ನೊಬ್ಬಳಿಗೆ ಹತ್ತು. ಯಾಕೆಂದರೆ ಅಡಿಕೆ ಎಲ್ಲ ಒಂದೇ ತೂಕ ಇರುವುದಿಲ್ಲ. ಆಗ ಎಲ್ಲರಿಗೂ ಒಂದೇ ಬೊಟ್ಟು ಬೇಕು ಅಂತ ಮಕ್ಕಳೇ ಹೇಳುತ್ತಾರೆ. ನಮ್ಮ ದೇಶಕ್ಕೂ ಹಾಗೇ ಆಯಿತು. ಮೊದಲು ಸೇರು, ಮಣ, ತೊಲ ಇತ್ತು. ಸೇರು ಊರಿಂದೂರಿಗೆ ಬೇರೆ ಇರುತ್ತಿತ್ತು. 1956ರಲ್ಲಿ ಕಾಯ್ದೆ ಬಂದು, 1958ರಿಂದ ಕಿಲೋಗ್ರಾಂ ಜಾರಿಗೆ ಬಂತು. ಇಡೀ ಜಗತ್ತಿನ ಕಿಲೋಗ್ರಾಂಗೆ ಮಾದರಿಯಾಗಿ 1889ರಿಂದ ಪ್ಯಾರಿಸ್ ಹತ್ತಿರ ಒಂದು ಲೋಹದ ಗಟ್ಟಿ ಇಟ್ಟಿದ್ದರು. 2019ರ ಮೇ 20ರಿಂದ ಗಟ್ಟಿಯ ಬದಲು, ಎಂದೂ ಬದಲಾಗದ ಪ್ರಕೃತಿಯ ಒಂದು ಸಂಖ್ಯೆಯಿಂದ ಕಿಲೋಗ್ರಾಂ ಅನ್ನು ನಿಶ್ಚಯಿಸಿದ್ದಾರೆ.

ಕೊನೆಗೆ ಕಿಲೋ, ಗ್ರಾಂ. 1 ಕೆಜಿ ಉಪ್ಪನ್ನು ಗರಟೆ ತಕ್ಕಡಿಯಲ್ಲಿ ಸಮ ಎರಡು ಪಾಲು ಮಾಡಿದರೆ 500 ಗ್ರಾಂ, ಮತ್ತೆ ಪಾಲು ಮಾಡಿದರೆ 250 ಗ್ರಾಂ. ಬೊಟ್ಟು ಕೊಳ್ಳಲು ದುಡ್ಡು ಬೇಡ. ಉಪ್ಪನ್ನು ಚೀಲದಲ್ಲಿ ಕಟ್ಟಿಟ್ಟರೆ ಅದೇ ಬೊಟ್ಟು.

ಈಗ ಎಲ್ಲ ಕಡೆ ಕರೆಂಟಿನ ಕಾಟಾ ಬಂದಿದೆ, ಅಂಕಿ ತಾನೇ ಕಾಣುತ್ತದೆ, ತಕ್ಕಡಿ ಯಾಕೆ ಅಂತ ಕೆಲವರು ಕೇಳಬಹುದು. ಅಮ್ಮನ ಬುಟ್ಟಿ ತೂಗಿದ್ದು ಅಂಥ ಕಾಟಾದಲ್ಲೇ. ಕಾಟಾ ಸುಳ್ಳು ಹೇಳಲಿಲ್ಲ. ಬುಟ್ಟಿ ಎಷ್ಟು ಅಂತ ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಕೇಳಬೇಕು ಅಂತ ತೋಚಬೇಕಾದರೆ ಕೈಗೆ ಭಾರದ ಪರಿಚಯ ಇರಬೇಕು.

ಪಾಠ ಮುಗಿಸಲಿಕ್ಕೇ ಸಮಯ ಸಾಲದು ಅಂತ ಮಾಸ್ತರರು, ಅಕ್ಕೋರು ಹೇಳಬಹುದು. ಅದೂ ನಿಜ. ಅದಕ್ಕೆ ಬಿಸಿಯೂಟದ ಅಡುಗೆ ಕೋಣೆ ಇದೆ. ಐದನೇ ತರಗತಿಯವರೆಗೆ ಒಬ್ಬರಿಗೆ 100 ಗ್ರಾಂ, ನಮಗೆ 150 ಗ್ರಾಂ ಅಕ್ಕಿಯ ಲೆಕ್ಕ. ದಿನಕ್ಕೆ ಇಬ್ಬರು ಚಿಕ್ಕ ಮಕ್ಕಳು ಅಡುಗೆ ಅಕ್ಕನ ಸಂಗಡ ಅಕ್ಕಿ ತೂಗಲಿ. ಇವತ್ತು ಚಿಕ್ಕವರು 22 ಜನ ಬಂದರೆ 2 ಕೆಜಿ 200 ಗ್ರಾಂ. ಹತ್ತು ನಿಮಿಷ ಸಾಕು. ಗುಣಾಕಾರವೂ ಬಂತು, ತೂಕವೂ ಬಂತು.

ಏಳನೇ ತರಗತಿಯವರಾದ ನಾವು ಬರುವ ಶನಿವಾರ ನಾಲ್ಕು ಗರಟೆ ತಕ್ಕಡಿ ಮಾಡಿ ಕೊಡೋಣ. ಗರಟೆ ನಾನು ತರುತ್ತೇನೆ. ದಾರ, ಕೋಲು ಯಾರು ತರುತ್ತೀರಿ? ಈ ಹಾಳೆಯ ಕೆಳಗೆ ನಿಮ್ಮ ಹೆಸರು ಬರೆಯಿರಿ.

ನನ್ನ ಮಾತಿನಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— 7ನೇ ತರಗತಿಯ ವಿದ್ಯಾರ್ಥಿನಿ