ಆಕ್ಟೋಪಸ್ ತೋಳು, ಕಣಜದ ಸೂಜಿ: ಶಸ್ತ್ರಚಿಕಿತ್ಸೆಯ ಹೊಸ ಉಪಕರಣಗಳು

ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ಸಾಮಾನ್ಯವಾಗಿ 5ರಿಂದ 12 ಮಿಲಿಮೀಟರ್ ಅಗಲದ ಕೆಲವೇ ರಂಧ್ರಗಳನ್ನು ಮಾಡಿ, ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ಒಳಗಿಳಿಸುತ್ತಾರೆ. ಗಾಯ ಚಿಕ್ಕದಾದ್ದರಿಂದ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ. ಆದರೆ ನೇರ ಸರಳಿನಂಥ ಉಪಕರಣ ಒಂದು ಅಂಗವನ್ನು ಬಳಸಿಕೊಂಡು ಅದರ ಹಿಂಬದಿಗೆ ಹೋಗಲಾರದು. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ ರೋಬಾಟ್ ತುದಿಗೆ ಮಣಿಕಟ್ಟಿನಂಥ ಕೀಲು ಕೊಟ್ಟಿತು. ಅದರ ಹಿಂದಿನ ದಂಡ ನೆಟ್ಟಗೇ ಉಳಿಯಿತು.

ಆಕ್ಟೋಪಸ್ ತೋಳಿನಲ್ಲಿ ಮೂಳೆಯೇ ಇಲ್ಲ. ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಹೆಣೆದುಕೊಂಡ ಸ್ನಾಯುಗಳ ಒಟ್ಟು ಗಾತ್ರ ಬದಲಾಗುವುದಿಲ್ಲ. ಹಾಗಾಗಿ ಅಡ್ಡ ಸ್ನಾಯು ಬಿಗಿದರೆ ತೋಳು ನೀಳವಾಗುತ್ತದೆ. ಎಲ್ಲವೂ ಒಟ್ಟಿಗೆ ಬಿಗಿದರೆ ಸೆಟೆದು ನಿಲ್ಲುತ್ತದೆ. ಶಸ್ತ್ರವೈದ್ಯರಿಗೆ ಬೇಕಾದದ್ದೂ ಇದೇ: ಒಳಸೇರುವಾಗ ಮೆದು, ಅಂಗಾಂಶವನ್ನು ಎತ್ತಿ ಹಿಡಿಯುವಾಗ ಬಿಗಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ನೇತೃತ್ವದಲ್ಲಿ 2012ರಲ್ಲಿ ಆರಂಭವಾದ ಐರೋಪ್ಯ ಯೋಜನೆ ‘ಸ್ಟಿಫ್-ಫ್ಲಾಪ್’ ಇದನ್ನೇ ಗುರಿಯಾಗಿಟ್ಟುಕೊಂಡಿತ್ತು. ಅದರಲ್ಲಿ ಪಾಲ್ಗೊಂಡ ಇಟಲಿಯ ಸಾಂತಾನ್ನಾ ಸಂಸ್ಥೆಯ ಸಂಶೋಧಕರು ಸಿಲಿಕೋನ್ ತೋಳಿನೊಳಗೆ ಮೂರು ಗಾಳಿಕೋಣೆಗಳನ್ನಿಟ್ಟರು. ಒಂದಕ್ಕೆ ಗಾಳಿ ತುಂಬಿದರೆ ತೋಳು ಎದುರು ದಿಕ್ಕಿಗೆ ಬಾಗುತ್ತದೆ. ನಡುವಿನ ಕೊಳವೆಯಲ್ಲಿ ತುಂಬಿದ್ದು ಕಾಫಿಪುಡಿ. ಗಾಳಿ ಹೀರಿದೊಡನೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಗಾಳಿ ತೆಗೆದು ಮುಚ್ಚಿದ ಕಾಫಿ ಪೊಟ್ಟಣದಂತೆ ತೋಳು ಗಟ್ಟಿಯಾಗುತ್ತದೆ. ಮೃತದೇಹಗಳ ಮೇಲೆ ಇಂಥ ತೋಳಿನ ಪರೀಕ್ಷೆಯೂ ನಡೆಯಿತು.

ಜೀವಿಯ ಆಕಾರಕ್ಕಿಂತ ಅದರ ಉಪಾಯವನ್ನು ಹಿಡಿಯುವುದೇ ಇಲ್ಲಿ ಮುಖ್ಯ. ಇಂಪೀರಿಯಲ್ ಕಾಲೇಜಿನ ಸೂಜಿ ಇದಕ್ಕೆ ಇನ್ನೂ ಸ್ಪಷ್ಟ ನಿದರ್ಶನ. ಮರ ಕೊರೆದು ಮೊಟ್ಟೆಯಿಡುವ ಕಣಜದ ಕೊಳವೆಯ ಭಾಗಗಳು ಒಂದರ ಪಕ್ಕ ಒಂದು ಜಾರುತ್ತಾ ಮುನ್ನುಗ್ಗುತ್ತವೆ. ಅದೇ ಕ್ರಮದಲ್ಲಿ ನಾಲ್ಕು ಭಾಗಗಳನ್ನು ಜೋಡಿಸಿದ ಈ ಸೂಜಿ ಮಿದುಳಿನ ಸೂಕ್ಷ್ಮ ಭಾಗಗಳನ್ನು ತಪ್ಪಿಸಿ ಬಾಗುತ್ತಾ ಸಾಗಬಲ್ಲದು. ಕುರಿಗಳಲ್ಲಿ ಇದನ್ನು ಪರೀಕ್ಷಿಸಲಾಗಿದೆ. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಟ್‌ಲ್ಯಾಂಡರ್’ ರೋಬಾಟ್ ಮಿಡಿಯುವ ಹೃದಯಕ್ಕೆ ಅಂಟಿಕೊಂಡೇ ಹುಳುವಿನಂತೆ ತೆವಳುತ್ತದೆ.

ಇಷ್ಟಾದರೂ ಮೆದು ತೋಳುಗಳು ಶಸ್ತ್ರಚಿಕಿತ್ಸಾ ಕೊಠಡಿಯ ನಿತ್ಯದ ಸಾಧನಗಳಾಗಿಲ್ಲ. ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡರಷ್ಟು ತೋಳುಗಳಲ್ಲೇ ಇವೆ. ಯಂತ್ರ ಅದರ ಸ್ನಾಯುವನ್ನು ಅನುಕರಿಸಿದೆ, ನರಜಾಲವನ್ನಲ್ಲ. ಗಟ್ಟಿ ರೋಬಾಟಿನ ತುದಿ ಎಲ್ಲಿದೆಯೆಂದು ಕೀಲುಗಳ ಕೋನದಿಂದ ಲೆಕ್ಕ ಹಾಕಬಹುದು. ಮೆದು ತೋಳು ಅಂಗಾಂಶ ಒತ್ತಿದ ಕಡೆಯೆಲ್ಲ ಬಾಗುವುದರಿಂದ ಆ ಲೆಕ್ಕ ತಪ್ಪುತ್ತದೆ. ಅದಕ್ಕೆಂದೇ ತೋಳಿನೊಳಗೆ ಆಪ್ಟಿಕಲ್ ಫೈಬರ್ ಎಳೆದು ಬಾಗನ್ನು ಅಳೆಯುವ ಪ್ರಯತ್ನ ನಡೆದಿದೆ. ರಬ್ಬರಿನಂಥ ಮೈ ಹರಿದು ಗಾಳಿ ಸೋರದಂತೆ, ಕ್ರಿಮಿಶುದ್ಧೀಕರಣಕ್ಕೆ ತಾಳುವಂತೆ ಮಾಡುವ ಕೆಲಸವೂ ಬಾಕಿಯಿದೆ. ಸಂಶೋಧನೆಯ ಹಣ ಮೊದಲು ಹೋಗಬೇಕಾದದ್ದು ಇನ್ನೊಂದು ಜೀವಿಯ ಅನುಕರಣೆಗಲ್ಲ, ಈ ಸಂವೇದನೆ ಮತ್ತು ಬಾಳಿಕೆಗೆ.