ಹದಿನೇಳರ ಸಹಿ, ಮೂವತ್ತರವರೆಗಿನ ಲೆಕ್ಕ

ನೀಟ್ ಫಲಿತಾಂಶ ಬಂತೆಂದರೆ ವಿಜಯಪುರ, ಕಲಬುರಗಿ, ಬೆಳಗಾವಿಯ ಮನೆಗಳಲ್ಲಿ ಪುಣೆಯ ಮಾತು ಶುರುವಾಗುತ್ತದೆ. ಅಲ್ಲಿನ ಬಿ.ಜೆ. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ತೆರೆದಿರುವುದು ಶೇ 15ರ ಅಖಿಲ ಭಾರತ ಕೋಟಾ ಮಾತ್ರ. ಆದರೆ ಸೋಲಾಪುರ ರಸ್ತೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೆ, ಅಂದರೆ ಎಎಫ್‌ಎಂಸಿಗೆ, ರಾಜ್ಯದ ಗಡಿಯೇ ಇಲ್ಲ. ‘ಫೀ ಇಲ್ಲ, ಊಟ-ವಸತಿ ಅವರದೇ, ಓದು ಮುಗಿದ ಕೂಡಲೇ ನೌಕರಿ, ಮ್ಯಾಲೆ ಮಿಲಿಟರಿ ಡಾಕ್ಟರ್ ಅಂದ್ರ ಮರ್ಯಾದಿನೂ ಅದ’ ಎಂದು ಮನೆಯ ಹಿರಿಯರು ಲೆಕ್ಕ ಹಾಕುತ್ತಾರೆ. ಹಾಕಿದಷ್ಟು ಲೆಕ್ಕ ಸರಿಯೇ. ಆದರೆ ಅದು ಅರ್ಧ ಲೆಕ್ಕ.

ಉಳಿದರ್ಧ ಬಾಂಡ್‌ನಲ್ಲಿದೆ. ಇಲ್ಲಿ ಎಂಬಿಬಿಎಸ್ ಪದವಿ ಬೇರೆಯಲ್ಲ, ಸೇನಾಧಿಕಾರಿಯ ಹುದ್ದೆ ಬೇರೆಯಲ್ಲ. ಎರಡಕ್ಕೂ ಒಂದೇ ಸಹಿ. ಅಲ್ಪಾವಧಿ ಕಮಿಷನ್ ಸಿಕ್ಕವರು 7 ವರ್ಷ, ಕಾಯಂ ಕಮಿಷನ್ ಸಿಕ್ಕವರು 20 ವರ್ಷ ಸೇವೆ ಸಲ್ಲಿಸಲೇಬೇಕು. ಹಿಂದೆ ಸರಿದರೆ ಲಕ್ಷಗಳ ಲೆಕ್ಕದಲ್ಲಿ ಹಣ ಕಟ್ಟಬೇಕು. ಓದುವಾಗ ಮದುವೆಯಾಗುವಂತಿಲ್ಲ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಅದರ ಮೇಲೆ ಏಳು ವರ್ಷ ಎಂದರೆ ಹದಿನೇಳು-ಹದಿನೆಂಟಕ್ಕೆ ಸಹಿ ಹಾಕಿದವರು ಮೂವತ್ತರ ಆಸುಪಾಸಿಗೆ ಬಂದಿರುತ್ತಾರೆ. ಎಂಡಿ, ಎಂಎಸ್ ಮಾಡಲು ಸೇವೆಯೊಳಗೇ ದಾರಿಯುಂಟು. ಆದರೆ ಯಾವಾಗ, ಎಲ್ಲಿ ಎಂಬುದು ನಮ್ಮೊಬ್ಬರ ಇಷ್ಟಕ್ಕೆ ಬಿಟ್ಟದ್ದಲ್ಲ. ಅಪ್ಪನ ನರ್ಸಿಂಗ್ ಹೋಂ ಮುಂದುವರಿಸಬೇಕಾದ ಮಗನಿಗೆ ಈ ಸೀಟು ಉಚಿತವೂ ಅಲ್ಲ, ಅಗ್ಗವೂ ಅಲ್ಲ.

ಇಷ್ಟಾಗಿಯೂ ನಮ್ಮ ವೈದ್ಯಕೀಯ ಪ್ರವೇಶ ವ್ಯವಸ್ಥೆಯಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಎಎಫ್‌ಎಂಸಿಯೇ ಎಂದು ನನ್ನ ಎಣಿಕೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷ ಬೇರೊಂದು ಪದವಿ, ಆಮೇಲೆ ನಾಲ್ಕು ವರ್ಷ ಎಂಡಿ. ಎರಡನ್ನೂ ಹೈಸ್ಕೂಲ್ ಮುಗಿಸಿದವರಿಗೇ ಒಟ್ಟಿಗೆ ಕೊಡುವ ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷದ ಕೋರ್ಸು, ಮಿಸೌರಿ–ಕಾನ್ಸಾಸ್ ಸಿಟಿಯ ಆರು ವರ್ಷದ ಕೋರ್ಸಿನಂಥವು ಅಲ್ಲಿ ಅಪವಾದ. ಅಷ್ಟು ಬೇಗ ನಿರ್ಧರಿಸುವುದು ಸರಿಯೇ ಎಂದು ಅಲ್ಲಿನ ಕನ್ನಡ ಕುಟುಂಬಗಳೂ ತಲೆ ಕೆಡಿಸಿಕೊಳ್ಳುತ್ತವೆ. ನಮ್ಮಲ್ಲಿ ಆ ಅಪವಾದವೇ ನಿಯಮ. ಡಾಕ್ಟರಾಗಬೇಕೆನ್ನುವ ಮಕ್ಕಳೆಲ್ಲ ಪಿಯುಸಿ ಮುಗಿಸಿ ನೇರ ಮೆಡಿಕಲ್‌ಗೆ. ‘ಯಾಕೆ ಡಾಕ್ಟರಾಗಬೇಕು?’ ಎಂದು ಕೇಳುವವರೇ ಇಲ್ಲ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. 720ಕ್ಕೆ ಎಷ್ಟು ಬಂತು ಎನ್ನುವುದಷ್ಟೇ ಅವರ ಪರಿಚಯಪತ್ರ. ಆಮೇಲೆ ಸೈಬರ್ ಸೆಂಟರಿನಲ್ಲಿ ಕೂತು ಆಪ್ಷನ್ ಎಂಟ್ರಿ: ಕಳೆದ ವರ್ಷದ ಕಟ್‌ಆಫ್ ಹಾಳೆ ಅಪ್ಪನ ಕೈಯಲ್ಲಿ, ಮೌಸು ಸೆಂಟರಿನ ಹುಡುಗನ ಕೈಯಲ್ಲಿ, ಓದಬೇಕಾದವಳು ಹಿಂದೆ ನಿಂತಿರುತ್ತಾಳೆ. ಎಂಬಿಬಿಎಸ್ ಸಾಲು ಮುಗಿದರೆ ದಂತವೈದ್ಯಕೀಯ, ಅದೂ ಮುಗಿದರೆ ಆಯುರ್ವೇದ. ರ‍್ಯಾಂಕ್ ಇಳಿದ ಹಾಗೆ ಕನಸೂ ಕೆಳಗಿಳಿಯುತ್ತದೆ.

ಪುಣೆಯ ಎಎಫ್‌ಎಂಸಿಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ನೀಟ್ ಅಂಕದ ಮೇಲೆ ಆಯ್ದವರನ್ನು ಅಲ್ಲಿಗೆ ಕರೆಸುತ್ತಾರೆ. ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ದೇಹ ತಪಾಸಣೆ. ಮೇಜಿನ ಆಚೆ ಸಮವಸ್ತ್ರದಲ್ಲಿ ಕೂತವರ ಎದುರು, ತಾನೇಕೆ ಇಲ್ಲಿಗೆ ಬಂದೆ ಎಂಬುದನ್ನು ಹುಡುಗ ಅಪ್ಪ ಪಕ್ಕದಲ್ಲಿಲ್ಲದೆ ಹೇಳಬೇಕು. ಬಹುಶಃ ಬದುಕಿನಲ್ಲಿ ಮೊದಲ ಸಲ. ಕೋಚಿಂಗಿನವರು ಅದಕ್ಕೂ ಉತ್ತರ ಬಾಯಿಪಾಠ ಮಾಡಿಸುತ್ತಾರೆ, ಆ ಮಾತು ಬೇರೆ. ಆದರೂ ಬೆಲೆ ಇಷ್ಟು ಎಂದು ಮೊದಲೇ ಹೇಳಿ, ಬೇಕೇ ಎಂದು ಕೇಳುವುದು ಸಣ್ಣ ಸಂಗತಿಯಲ್ಲ.

ಹಾಗೆಂದು ಎಲ್ಲ ಒಪ್ಪಿಕೊಳ್ಳಬೇಕಾಗಿಲ್ಲ. ಇಲ್ಲಿನ ಪದವಿ ವಿಭಾಗ ಶುರುವಾದದ್ದು 1962ರಲ್ಲಿ. ಭಾರತೀಯ ಸೇನೆಯ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಪುನೀತಾ ಅರೋರಾ ಇಲ್ಲಿ ಓದಿದವರು. 2024ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮುಖ್ಯಸ್ಥರಾದ ಮೊದಲ ಮಹಿಳೆ ಆರತಿ ಸರೀನ್ ಕೂಡ ಇಲ್ಲಿಯವರೇ. ಇಂಥವರನ್ನು ಕೊಟ್ಟ ಕಾಲೇಜಿನಲ್ಲಿ ಭಾರತೀಯರಿಗಿರುವ 145 ಸೀಟುಗಳ ಪೈಕಿ 115 ಹುಡುಗರಿಗೆ, 30 ಮಾತ್ರ ಹುಡುಗಿಯರಿಗೆ ಎಂಬ ಹಂಚಿಕೆಯೇ ನಡೆದುಬಂದಿದೆ. ಹೀಗಾಗಿ ಹುಡುಗಿಯರ ಕಟ್‌ಆಫ್ ಯಾವಾಗಲೂ ಮೇಲೆ. ಸೇನೆಯಲ್ಲಿ ದೀರ್ಘಕಾಲ ದುಡಿದು ತೋರಿಸಿದವರ ಉದಾಹರಣೆ ಕಣ್ಣೆದುರಿಗಿರುವಾಗ ಇದಕ್ಕೆ ಸಮರ್ಥನೆ ಕಷ್ಟ.

ಜೀವಶಾಸ್ತ್ರ ಇಷ್ಟ, ಆದರೆ ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಬಯಕೆ ಇದೆಯೋ ಇಲ್ಲವೋ ಗೊತ್ತಿಲ್ಲ ಎನ್ನುವ ಮಕ್ಕಳೂ ಇರುತ್ತಾರೆ. ಅವರಿಗೂ ಇದೇ ಪುಣೆಯಲ್ಲಿ ಉತ್ತರವಿದೆ. ಪಾಷಾಣ್ ಬಡಾವಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ (ಐಸರ್) 2006ರಿಂದ ನಡೆಯುತ್ತಿದೆ; ಐದು ವರ್ಷದ ಬಿಎಸ್-ಎಂಎಸ್. ಅಲ್ಲಿ ಜೀವಶಾಸ್ತ್ರಕ್ಕೆಂದು ಬಂದವರು ಗಣಿತಕ್ಕೋ ರಸಾಯನಶಾಸ್ತ್ರಕ್ಕೋ ಹೊರಳಬಹುದು. ಮೆಡಿಕಲ್‌ನಲ್ಲಿ ಎರಡನೇ ವರ್ಷಕ್ಕೆ ಬೇಸರ ಬಂದರೆ ಹೊರಳಲು ಜಾಗವಿಲ್ಲ. ಗಳಿಸಿದ ವರ್ಷಗಳನ್ನು ಬೇರೆ ಪದವಿಗೆ ಒಯ್ಯುವ ದಾರಿಯನ್ನು ನಾವು ಕಟ್ಟಿಲ್ಲ. ಅನುಮಾನ ಇರುವ ಮಗುವಿಗೆ ಬಾಂಡ್ ಬೇಡ. ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿಸಿ ಮತ್ತೊಂದು ನೀಟ್ ಬರೆಸುವುದಂತೂ ಬೇಡವೇ ಬೇಡ.

ಇನ್ನು ಕನ್ನಡದ ಮಕ್ಕಳ ವಿಷಯ. 2017ರಿಂದ ನೀಟ್ ಅನ್ನು ಕನ್ನಡದಲ್ಲೇ ಬರೆಯಬಹುದು. ಹಾಗೆ ಬರೆದು ಪುಣೆಯ ಬಾಗಿಲಿಗೆ ಬಂದ ಅಕ್ಕಲಕೋಟೆಯ ಇಲ್ಲವೇ ಸಿಂದಗಿಯ ಹುಡುಗಿ ಇಂಗ್ಲಿಷ್ ಪರೀಕ್ಷೆಯಲ್ಲಿ ಸೋಲಬಹುದು. ಸೇನೆಯಲ್ಲಿ ಇಂಗ್ಲಿಷ್ ಬೇಕು, ನಿಜ. ಆದರೆ ನಾಲ್ಕೂವರೆ ವರ್ಷ ಇಂಗ್ಲಿಷಿನಲ್ಲೇ ಓದಿಸಲಿರುವ ಕಾಲೇಜು ಅದನ್ನು ಒಳಗೆ ಕಲಿಸಬಲ್ಲದು. ಹೊಸ್ತಿಲಲ್ಲಿ ಅಳೆಯಬೇಕಾದದ್ದು ತರ್ಕ ಮತ್ತು ಮನಸ್ಸು. ತರ್ಕದ ಪ್ರಶ್ನೆಗಳನ್ನಾದರೂ ನೀಟ್ ಬರೆದ ಭಾಷೆಯಲ್ಲೇ ಕೊಡಲು ಅಡ್ಡಿಯೇನು? ಕರ್ನಾಟಕದ ಸಂಸದರು ರಕ್ಷಣಾ ಸಚಿವಾಲಯದ ಮುಂದೆ ಇಡಬಹುದಾದ ಬೇಡಿಕೆಯಿದು, ಖರ್ಚೂ ಹೆಚ್ಚಿಲ್ಲ.