ಅಡ್ವಾನ್ಸ್ ಕೊಡೋ ಮುಂಚೆ ಅಳತೆ ಮಾಡಿಸಿ

ಫೋಟೋದಲ್ಲಿರೋ ಈ ಹೆಂಚಿನ ಮನೆ ನಮ್ಮ ಚಿಕ್ಕಪ್ಪ ತಗೊಂಡಿದ್ದು. ಇ-ಸ್ವತ್ತು ಇತ್ತು, ನಮೂನೆ 9, 11 ಎರಡೂ ಇದ್ವು. ರಿಜಿಸ್ಟ್ರೇಷನ್ ಆದ್ಮೇಲೆ ಟೇಪ್ ಹಿಡಿದ್ರೆ, 40 ಅಡಿ ಅಂತಿದ್ದ ಅಗಲ 36 ಅಡಿ! ಹಿತ್ತಲಿನ ಬಚ್ಚಲುಮನೆ ಅರ್ಧ ಪಕ್ಕದವರ ಜಾಗದಲ್ಲಿದೆ. ಈಗ ಪಕ್ಕದ್ಮನೆ ಅಜ್ಜಿ ಚಿಕ್ಕಮ್ಮನ ಜೊತೆ ಮಾತೇ ಬಿಟ್ಟಿದ್ದಾರೆ. ನಂಗೆ ದುಡ್ಡಿಗಿಂತ ಅದೇ ಬೇಜಾರು.

ನನ್ನ ಪ್ರಕಾರ ನಮ್ಮೋರು ಕಾಗದ ನೋಡ್ತಾರೆ, ನೆಲ ನೋಡಲ್ಲ. ಗ್ರಾಮಠಾಣದೊಳಗಿನ ಎಷ್ಟೋ ಹಳೇ ಮನೆಗಳಿಗೆ ಬೇರೆ ಸರ್ವೆ ನಕ್ಷೆನೇ ಇರಲ್ಲ. ಪತ್ರದಲ್ಲಿ ಇರೋದು ಚೆಕ್ಕುಬಂದಿ ಅಷ್ಟೇ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ. ಆ 'ಇಂಥವರು' ತೀರ್ಕೊಂಡು ಎಷ್ಟು ವರ್ಷ ಆಯ್ತೋ! 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಆ ಊರಲ್ಲಿ ಆಗಿದ್ರೆ ನಕ್ಷೆ ಕೇಳಿ ನೋಡಿ. ಆಗಿದ್ರೂ ಸರಿ, ಆಗದಿದ್ರೂ ಸರಿ, ಲೈಸೆನ್ಸ್ ಇರೋ ಸರ್ವೇಯರ್ ಕರೆಸಿ, ಅಕ್ಕಪಕ್ಕದವರನ್ನ ನಿಲ್ಲಿಸ್ಕೊಂಡೇ ನಾಲ್ಕೂ ಮೂಲೆ ಅಳೆಸಿ. ಸ್ಕೆಚ್ ಮೇಲೆ ಅವರ ಸಹಿನೂ ಹಾಕಿಸ್ಕೊಳ್ಳಿ.

"ಯಾಕೆ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಮಾರೋರು ಮುಖ ಊದಿಸ್ಕೊಂಡ್ರೆ ಊದಿಸ್ಕೊಳ್ಳಲಿ ಬಿಡಿ. ಚಿಕ್ಕಪ್ಪ ಆ ಒಂದು ಮಾತಿಗೇ ಸುಮ್ಮನಾಗಿದ್ದು.